ಗಿಡಕ್ಕೆ ಮೊದಲು ಮಣ್ಣು

ಮುಂಗಾರು ಬಂದಿತೆಂದರೆ ನರ್ಸರಿಗಳ ಮುಂದೆ ಜಾತ್ರೆ ನೆರೆಯುತ್ತದೆ. ಆದರೆ ಹಿತ್ತಲಿನ ಭಾಗ್ಯವನ್ನು ನಿಶ್ಚಯಿಸುವುದು ಮಳೆಯನ್ನು ಎದುರುಗೊಳ್ಳಲು ಅಲ್ಲಿನ ಮಣ್ಣು ಸಿದ್ಧವಾಗಿದೆಯೇ ಎಂಬ ಒಂದೇ ಪ್ರಶ್ನೆ. ರೋಹಿಣಿಯಿಂದ ಸ್ವಾತಿಯವರೆಗೆ, ಮಳೆ ನಕ್ಷತ್ರಗಳ ಜೊತೆಯಲ್ಲಿ, ಮನೆಯಂಗಳದಲ್ಲಿ ಮಾಡತಕ್ಕ ಕೆಲಸಗಳು ಇಲ್ಲಿವೆ.

ಮೇ ತಿಂಗಳ ಕೊನೆಯ ವಾರದ ಒಂದು ಅಪರಾಹ್ನ. ಬೆಂಗಳೂರಿನ ಬಸವನಗುಡಿಯ ಹಳೆಯ ಬೀದಿಯೊಂದರಲ್ಲಿ, ಬೆಳಗಿನಿಂದ ಒಂದೆಲೆಯೂ ಅಲುಗದಂತೆ ಕವಿದಿದ್ದ ಧಗೆಯು ನಾಲ್ಕು ಗಂಟೆಯ ಹೊತ್ತಿಗೆ ಬಿರುಗಾಳಿಯಾಗಿ ಒಡೆದು, ಧೂಳನ್ನೂ ತರಗೆಲೆಯನ್ನೂ ಬೀದಿಯುದ್ದಕ್ಕೂ ಎಬ್ಬಿಸಿ, ಅದರ ಬೆನ್ನಿಗೇ ದಪ್ಪ ಹನಿಗಳ ಮಳೆಯನ್ನು ತಾರಸಿಗಳ ಮೇಲೆ ತಂದು ಸುರಿಯಿತು.

ಹತ್ತು ನಿಮಿಷದೊಳಗಾಗಿ ಮನೆಮನೆಯ ಗೇಟಿನ ಕೆಳಗಿನಿಂದಲೂ ನೀರು ಹೊರಹರಿಯತೊಡಗಿತು. ಒಂದು ಮನೆಯಿಂದ ಹೊರಟ ನೀರು ಕೆಂಪಗೆ, ಮಂದವಾಗಿ, ನೊರೆಗಟ್ಟಿತ್ತು. ಆ ಮನೆಯವರು ಹಿಂದಿನ ದಿನವಷ್ಟೇ ಕಳೆಯನ್ನೆಲ್ಲ ಕಿತ್ತು, ಎಲೆಯನ್ನೆಲ್ಲ ಗುಡಿಸಿ ಸುಟ್ಟು, ನೆಲವನ್ನು ಅಗೆದು ಚೊಕ್ಕಟಮಾಡಿ ಮಳೆಗಾಗಿ ಕಾದಿದ್ದರು. ಪಕ್ಕದ ಮನೆಯಿಂದ ತಡವಾಗಿ, ತೆಳುವಾಗಿ ಬಂದ ನೀರು ಬಹುಮಟ್ಟಿಗೆ ತಿಳಿಯಾಗಿತ್ತು. ಅಲ್ಲಿ ಬೇಸಗೆಯುದ್ದಕ್ಕೂ ಉದುರಿದ ಎಲೆಗಳು ಗಿಡಗಳ ಬುಡದಲ್ಲಿ ಬಿದ್ದಲ್ಲಿಯೇ ಇದ್ದವು.

ಮರುದಿನ ಬೆಳಿಗ್ಗೆ ಎರಡೂ ಮನೆಯವರು ಸಸಿ ತರಲು ನರ್ಸರಿಗೆ ಹೋಗಬಹುದು, ಒಂದೇ ಜಾತಿಯ ಸಸಿಗಳನ್ನು ಒಂದೇ ಬೆಲೆಗೆ ಕೊಳ್ಳಬಹುದು. ಆದರೆ ಒಬ್ಬರ ತೋಟದ ಸತ್ತ್ವವು ಆ ವೇಳೆಗಾಗಲೇ ಮೋರಿಯ ಪಾಲಾಗಿರುತ್ತದೆ, ಇನ್ನೊಬ್ಬರದು ನೆಲದಲ್ಲಿಯೇ ಉಳಿದಿರುತ್ತದೆ. ಮನೆಯ ತೋಟವೆಂದರೆ ಗಿಡಗಳ ಸಂಗ್ರಹವೆಂದು ತಿಳಿದಿರುವವರೆಗೆ ಈ ಭೇದವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ತೋಟವೆಂದರೆ ಮೊದಲು ಮಣ್ಣು. ಗಿಡವು ಆ ಮಣ್ಣಿನ ಆರೋಗ್ಯದ ಫಲ.

ಮೊದಲ ಹನಿಯ ಪರಿಣಾಮ

ಬೆತ್ತಲೆ ನೆಲದ ಮೇಲೆ ರಭಸದಿಂದ ಬಿದ್ದ ಮಳೆಹನಿಯು ಮಣ್ಣಿನ ಸಣ್ಣ ಸಣ್ಣ ಉಂಡೆಗಳನ್ನು ಒಡೆಯುತ್ತದೆ. ಒಡೆದ ಸೂಕ್ಷ್ಮ ಕಣಗಳು ನೀರಿನೊಡನೆ ಇಳಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ; ಹಾಗೆ ಮುಚ್ಚಿದ ಮೇಲ್ಪದರವು ಬಿಸಿಲು ಬಂದೊಡನೆ ಒಣಗಿ ಗಟ್ಟಿ ಹೊಪ್ಪಳೆಯಾಗುತ್ತದೆ. ಆಮೇಲೆ ಬಂದ ಮಳೆ ಎಷ್ಟೇ ದೊಡ್ಡದಾಗಿರಲಿ, ಒಳಗಿಳಿಯಲು ದಾರಿ ಕಾಣದೆ ಮೇಲ್ಮಣ್ಣನ್ನು ಎತ್ತಿಕೊಂಡು ಹೊರಟುಹೋಗುತ್ತದೆ. ಬೀಜದಿಂದ ಒಡೆದ ಎಳೆಯ ಮೊಳಕೆಯೂ ಈ ಹೊಪ್ಪಳೆಯನ್ನು ಸೀಳಲಾರದೆ ಒಳಗೇ ನಶಿಸುತ್ತದೆ.

ಅದೇ ಹನಿ ಎರಡು ಅಂಗುಲ ದಪ್ಪದ ತರಗೆಲೆಯ ಮೇಲೆ ಬಿದ್ದರೆ ಅದರ ರಭಸವೆಲ್ಲ ಅಲ್ಲಿಯೇ ಶಾಂತವಾಗಿ, ನೀರು ತೊಟ್ಟಿಕ್ಕುತ್ತ ಮಣ್ಣಿಗೆ ಇಳಿಯುತ್ತದೆ. ಹಿರಿಯರು ಅಡಕೆ ತೋಟಕ್ಕೆ ಸೊಪ್ಪು ಹೊದೆಸುತ್ತಿದ್ದುದರಲ್ಲಿ ಗೊಬ್ಬರದ ಆಸೆ ಎಷ್ಟಿತ್ತೋ, ಮಣ್ಣನ್ನು ಮಳೆಯ ಹೊಡೆತದಿಂದ ಕಾಪಾಡುವ ವಿವೇಕವೂ ಅಷ್ಟೇ ಇತ್ತು. ಮಲೆನಾಡಿನಲ್ಲಿ ತೋಟದ ಒಡನಾಡಿಯಾಗಿ ಸೊಪ್ಪಿನ ಬೆಟ್ಟವೊಂದು ಇರುತ್ತಿದ್ದುದು ಈ ಕಾರಣದಿಂದಲೇ.

ಮೊದಲ ಮಳೆಯಲ್ಲಿ ನೆಲದಿಂದೇಳುವ ಆ ಸುಗಂಧವನ್ನು ನಾವೆಲ್ಲ ಬಲ್ಲೆವು. ಮಣ್ಣಿನಲ್ಲಿ ವಾಸಿಸುವ ಆಕ್ಟಿನೊಮೈಸೀಟ್ ಎಂಬ ಸೂಕ್ಷ್ಮಜೀವಿಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ಪದಾರ್ಥವು ಆ ಪರಿಮಳಕ್ಕೆ ಮುಖ್ಯ ಕಾರಣ. ಕೊಳೆತುದನ್ನು ಕರಗಿಸಿ ಬೇರಿಗೆ ಉಣಿಸಾಗಿ ಒದಗಿಸುವ ಅಸಂಖ್ಯ ಜೀವಿಗಳಲ್ಲಿ ಇವೂ ಸೇರಿವೆ. ಎಲೆಯನ್ನು ಸುಡುವ ಬೆಂಕಿಯು ಇವುಗಳ ಅನ್ನವನ್ನು ಸುಟ್ಟುಬಿಡುತ್ತದೆ.

ಹದವರಿತು ಅಗೆಯಬೇಕು

ಮಳೆ ನಿಂತ ಮರುಗಳಿಗೆಯಲ್ಲಿಯೇ ಗುದ್ದಲಿ ಹಿಡಿದು ಹಿತ್ತಲಿಗಿಳಿಯುವ ಉತ್ಸಾಹವು ಸಹಜವಾದುದಾದರೂ ಹಿತವಾದುದಲ್ಲ. ನೆಂದ ಮಣ್ಣನ್ನು ಅಗೆದರೆ, ಅದರ ಮೇಲೆ ತುಳಿದಾಡಿದರೆ, ಗಾಳಿ ಸಂಚರಿಸುವ ರಂಧ್ರಗಳೆಲ್ಲ ಅದುಮಿಹೋಗಿ, ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಈ ದೋಷವು ಇನ್ನೂ ತೀವ್ರ; ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಆ ಮಣ್ಣು ಅಂಟಿನ ಸ್ಥಿತಿಯಲ್ಲಿ ಕೈಯಿಟ್ಟವರನ್ನು ಆ ವರ್ಷವೆಲ್ಲ ಕಾಡುತ್ತದೆ.

ರೈತರು ಹದವೆಂದು ಕರೆಯುವ ಸ್ಥಿತಿಯನ್ನು ಪರೀಕ್ಷಿಸುವುದು ಸುಲಭ. ಅರ್ಧ ಅಡಿ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ಉಂಡೆಮಾಡಿ, ಹೆಬ್ಬೆರಳಿನಿಂದ ಮೆಲ್ಲನೆ ತಳ್ಳಿ ನೋಡಬೇಕು. ಉಂಡೆ ಕಟ್ಟದೆ ಉದುರಿಹೋದರೆ ಇನ್ನೊಂದು ಮಳೆಗೆ ಕಾಯಬೇಕು; ಬೆರಳಿಗೆ ಅಂಟಿಕೊಂಡು ಚಪ್ಪಟೆಯಾದರೆ ಎರಡು ದಿನ ಬಿಸಿಲಿಗೆ ಕಾಯಬೇಕು; ಉಂಡೆಯಾಗಿ ನಿಂತು, ತಳ್ಳಿದೊಡನೆ ಪುಡಿಪುಡಿಯಾಗಿ ಒಡೆದರೆ ಅದೇ ಹದ.

ಆ ಹದದಲ್ಲಿ ಒಂದು ಗಂಟೆ ಮಾಡಿದ ಕೆಲಸವು ಹದತಪ್ಪಿದ ನೆಲದಲ್ಲಿ ಒಂದು ದಿನ ಪಟ್ಟ ಶ್ರಮಕ್ಕಿಂತ ಹೆಚ್ಚಿನ ಫಲವನ್ನು ಕೊಡುತ್ತದೆ.

ಒಂದು ನಾಡು, ಹಲವು ಮಳೆ

ಕರ್ನಾಟಕಕ್ಕೆಲ್ಲ ಒಂದೇ ಮಳೆಗಾಲವೆಂದು ಭಾವಿಸಿ ಕೊಟ್ಟ ಸಲಹೆ ಯಾರಿಗೂ ಸಂಪೂರ್ಣವಾಗಿ ಒಪ್ಪುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದುಂಟು. ಬೆಂಗಳೂರಿನಲ್ಲಿ ಅದು ಸಾಧಾರಣವಾಗಿ 1000 ಮಿಲಿಮೀಟರನ್ನು ಮುಟ್ಟುವುದಿಲ್ಲ. ಚಳ್ಳಕೆರೆಯ ಸೀಮೆಯಲ್ಲಿ ಅದಕ್ಕಿಂತಲೂ ಬಹಳ ಕಡಿಮೆ.

ಪ್ರಮಾಣದಷ್ಟೇ ಮುಖ್ಯವಾದುದು ಕಾಲ. ಕರಾವಳಿಯಲ್ಲಿ ಮಳೆಯ ಪರಾಕಾಷ್ಠೆ ಜೂನ್ ಮತ್ತು ಜುಲೈ. ಬೆಂಗಳೂರಿನಲ್ಲಿ ಅತ್ಯಧಿಕ ಮಳೆಯ ತಿಂಗಳು ಸೆಪ್ಟೆಂಬರ್. ಆದಕಾರಣ ಉಡುಪಿಯ ಮನೆಯವರು ಆರಿದ್ರೆಯಲ್ಲಿ ನೀರನ್ನು ಹೊರಗೆ ಸಾಗಿಸುವ ಚಿಂತೆಯಲ್ಲಿದ್ದರೆ, ಅದೇ ಹೊತ್ತಿನಲ್ಲಿ ತುಮಕೂರಿನವರು ಬಂದ ಹನಿಯನ್ನೆಲ್ಲ ನೆಲಕ್ಕಿಳಿಸುವ ಚಿಂತೆಯಲ್ಲಿರಬೇಕು.

ಈ ವೈವಿಧ್ಯವನ್ನು ಚೆನ್ನಾಗಿ ಅರಿತಿದ್ದ ನಮ್ಮ ಒಕ್ಕಲು ಸಮಾಜವು ತಿಂಗಳ ಲೆಕ್ಕವನ್ನು ಬಿಟ್ಟು ಮಳೆ ನಕ್ಷತ್ರದ ಲೆಕ್ಕವನ್ನು ಹಿಡಿಯಿತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯೇ ಒಂದು ಮಳೆ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ ಎಂಬ ಗಾದೆಯಲ್ಲಿಯೂ, ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆಯಲ್ಲಿಯೂ ತಲೆತಲಾಂತರದ ಅವಲೋಕನವು ಅಡಗಿದೆ. ಮಳೆಯು ಈಚಿನ ವರ್ಷಗಳಲ್ಲಿ ಗಾದೆಯನ್ನು ಮೀರಿ ನಡೆಯುವುದುಂಟಾದರೂ, ಹದಿನಾಲ್ಕು ದಿನಕ್ಕೊಮ್ಮೆ ತೋಟವನ್ನು ಮರುನೋಟಕ್ಕೆ ಒಳಪಡಿಸುವ ಶಿಸ್ತು ಇಂದಿಗೂ ಅಮೂಲ್ಯವಾದುದೇ.

ಚೌಕಟ್ಟು 1: ಹಿತ್ತಲಿನ ಮಳೆ ಪಂಚಾಂಗ

*(ದಿನಾಂಕಗಳು ಒಂದು ದಿನ ಆಚೀಚೆ ಆಗಬಹುದು)*

ರೋಹಿಣಿ (ಮೇ 25 – ಜೂನ್ 7): ನೀರಿನ ಕಾಲುವೆ, ಇಂಗುಗುಂಡಿ, ಸಸಿಗಳ ಗುಂಡಿ ಸಿದ್ಧಪಡಿಸುವುದು. ಶುಂಠಿ, ಅರಿಸಿನ ಇನ್ನೂ ನೆಟ್ಟಿಲ್ಲದಿದ್ದರೆ ಈಗ ನೆಡುವುದು.

ಮೃಗಶಿರ (ಜೂನ್ 8 – 21): ಬೆಂಡೆ, ಅಲಸಂದೆ, ಹೀರೆ, ಹಾಗಲ, ಪಡವಲ, ಕುಂಬಳದ ಬೀಜ. ಬದನೆ, ಮೆಣಸಿನ ಒಟ್ಲುಪಾತಿ.

ಆರಿದ್ರಾ (ಜೂನ್ 22 – ಜುಲೈ 5): ದಾಸವಾಳ, ನುಗ್ಗೆ, ಬಸಳೆ, ಗೊಬ್ಬರದ ಗಿಡಗಳ ಕಡ್ಡಿ ನೆಡುವುದು. ಹಣ್ಣಿನ ಸಸಿ.

ಪುನರ್ವಸು, ಪುಷ್ಯ (ಜುಲೈ 6 – ಆಗಸ್ಟ್ 2): ಒಳನಾಡಿನಲ್ಲಿ ಅವರೆ ಬಿತ್ತನೆ. ಚಪ್ಪರ ಕಟ್ಟುವುದು, ಕಳೆ ಕಿತ್ತು ಅಲ್ಲಿಯೇ ಹೊದೆಸುವುದು.

ಆಶ್ಲೇಷ, ಮಘೆ (ಆಗಸ್ಟ್ 3 – 30): ಮಳೆಗೆ ತೊಳೆದುಹೋದ ಸಾರವನ್ನು ತುಂಬಲು ಮೇಲುಗೊಬ್ಬರ. ಬಳ್ಳಿಗಳಿಗೆ ಹಣ್ಣುನೊಣದ ಕಾವಲು.

ಹುಬ್ಬೆ, ಉತ್ತರೆ (ಆಗಸ್ಟ್ 31 – ಸೆಪ್ಟೆಂಬರ್ 26): ಚಳಿಗಾಲದ ತರಕಾರಿಗೆ ಒಟ್ಲು. ಬೆಂಗಳೂರಿನವರಿಗೆ ಇದೇ ನಿಜವಾದ ಮಳೆಗಾಲ. ಬಸಿಗಾಲುವೆಗಳ ಮೇಲೆ ಕಣ್ಣಿರಬೇಕು.

ಹಸ್ತ, ಚಿತ್ತೆ (ಸೆಪ್ಟೆಂಬರ್ 27 – ಅಕ್ಟೋಬರ್ 23): ಕೋಸು, ಟೊಮ್ಯಾಟೊ, ಮೂಲಂಗಿ. ಗುಲಾಬಿ ಸವರುವುದು.

ಸ್ವಾತಿ (ಅಕ್ಟೋಬರ್ 24 – ನವೆಂಬರ್ 5): ತೇವವಿರುವಾಗಲೇ ದಪ್ಪನೆಯ ಹೊದಿಕೆ ಹಾಸಿ ಬೇಸಗೆಗೆ ಸಿದ್ಧತೆ.

ನೀರಿಗೆ ದಾರಿ, ನೀರಿಗೆ ನೆಲೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಸರಳ ಗಣಿತವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ನೂರು ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರಿನ ಒಂದು ಮಳೆಯು 2500 ಲೀಟರ್ ನೀರನ್ನು ಸುರಿದು ಹೋಗಿರುತ್ತದೆಂಬುದು ತಿಳಿಯುತ್ತದೆ. ಅಷ್ಟು ನೀರು ಒಂದೇ ಕೊಳವೆಯಿಂದ ಧುಮುಕಿ ಗುಲಾಬಿಯ ಪಾತಿಯೊಳಗೆ ಬೀಳುವುದಾದರೆ ಆ ಪಾತಿ ಉಳಿಯುವುದು ಅಸಾಧ್ಯ.

ಆದುದರಿಂದ ಕೊಳವೆಯ ಬಾಯಿಯಲ್ಲಿ ಮೊದಲು ಜಲ್ಲಿ ಹಾಸಿ ನೀರಿನ ವೇಗವನ್ನು ಮುರಿಯಬೇಕು. ಅಲ್ಲಿಂದ ಗೇಣು ಆಳದ ಕಾಲುವೆಯನ್ನು ಇಳಿಜಾರಿಗೆ ಅಡ್ಡವಾಗಿ ಒಯ್ದು, ಮನೆಯ ಅಡಿಪಾಯದಿಂದ ಸಾಕಷ್ಟು ದೂರದಲ್ಲಿ ಇಂಗುಗುಂಡಿಗೆ ಸೇರಿಸಬೇಕು. ಕಾಲುವೆಯ ಏರಿಯ ಮೇಲೆ ಮಜ್ಜಿಗೆಹುಲ್ಲನ್ನೋ ಲಾವಂಚವನ್ನೋ ನೆಟ್ಟರೆ ಅದರ ದಟ್ಟವಾದ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಅಂಗಳದ ತುಂಬ ಸಿಮೆಂಟು ಹಾಕಿಸಿದವರು ಗಿಡಗಳ ಬುಡದಲ್ಲಿಯಾದರೂ ಸುತ್ತ ಎರಡು ಮೂರು ಅಡಿ ನೆಲವನ್ನು ಬಿಡಿಸಿಕೊಡುವುದು ಧರ್ಮ. ಕಾಂಡಕ್ಕೆ ತಾಗುವಂತೆ ಗಾರೆ ಮೆತ್ತಿಸಿಕೊಂಡ ಮರದ ಬೇರಿಗೆ ಉಸಿರಾಡಲು ಗಾಳಿಯೂ ದೊರೆಯದು, ನೀರೂ ದೊರೆಯದು.

ಕುಂಡಗಳಲ್ಲಿ ಬೆಳೆಸುವವರ ಸಮಸ್ಯೆ ಬೇರೆ. ಬೇಸಗೆಯಲ್ಲಿ ಉಪಕಾರಿಯಾಗಿದ್ದ ಅಡಿತಟ್ಟೆಗಳನ್ನು ಮಳೆಗಾಲದಲ್ಲಿ ತೆಗೆದಿಡಬೇಕು. ಅವುಗಳಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ವಾರ ಹತ್ತು ದಿನದೊಳಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ. ಕುಂಡದ ಬೇರು ಕೂಡ ಅಲ್ಲಿಯೇ ಕೊಳೆಯುತ್ತದೆ. ತಳದ ರಂಧ್ರಗಳು ಮುಚ್ಚಿಹೋಗಿವೆಯೇ ಎಂದು ಕಡ್ಡಿಯಿಂದ ಚುಚ್ಚಿ ನೋಡುವುದು ವಾರದ ನಿಯಮವಾಗಿರಲಿ.

ತಾರಸಿಯ ಮೇಲಿನ ತೋಟಗಾರರಿಗೆ ಇನ್ನೊಂದು ಎಚ್ಚರಿಕೆ: ನೆಂದ ಮಣ್ಣಿನ ಒಂದು ಘನಮೀಟರಿನ ತೂಕ ಒಂದೂವರೆ ಟನ್ನಿಗೂ ಮೀರುತ್ತದೆ. ಮಣ್ಣಿನ ಪಾಲನ್ನು ಮೂರನೆಯ ಒಂದಕ್ಕಿಳಿಸಿ, ಉಳಿದುದನ್ನು ತೆಂಗಿನ ನಾರಿನ ಪುಡಿ ಮತ್ತು ಚೆನ್ನಾಗಿ ಕಳಿತ ಗೊಬ್ಬರದಿಂದ ತುಂಬುವುದು ಗಿಡಕ್ಕೂ ಕಟ್ಟಡಕ್ಕೂ ಕ್ಷೇಮ.

ಕಸವು ರಸವಾಗುವ ಬಗೆ

ಮನೆಯ ಎಲೆಕಸವನ್ನು ಗೊಬ್ಬರವಾಗಿ ಪರಿವರ್ತಿಸುವ ಕ್ರಮಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವರಲ್ಲಿ ಪ್ರಮುಖರು ಇಂಗ್ಲೆಂಡಿನ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸಮಾಡಿದ ಅವರು, ಈ ದೇಶದ ರೈತರ ಪದ್ಧತಿಗಳನ್ನು ಶ್ರದ್ಧೆಯಿಂದ ನೋಡಿ ಕಲಿತು ರೂಪಿಸಿದ ವಿಧಾನವು ಇಂದೋರ್ ಪದ್ಧತಿಯೆಂದೇ ಜಗತ್ತಿನಲ್ಲಿ ಪ್ರಸಿದ್ಧವಾಯಿತು. ಅಂದರೆ ನಮ್ಮ ತಿಪ್ಪೆಗುಂಡಿಯ ಅನುಭವವೇ ಅದರ ತಳಹದಿಗಳಲ್ಲಿ ಒಂದು.

ಅದರ ಸಾರ ಇಷ್ಟು. ಒಣಗಿದ ಎಲೆ, ಹುಲ್ಲು, ಕಡ್ಡಿಗಳಲ್ಲಿ ಇಂಗಾಲ ಹೆಚ್ಚು. ತರಕಾರಿ ಸಿಪ್ಪೆ, ಹಸಿಕಳೆ, ಸೆಗಣಿಗಳಲ್ಲಿ ಸಾರಜನಕ ಹೆಚ್ಚು. ಕೊಳೆಸುವ ಜೀವಿಗಳಿಗೆ ಎರಡೂ ಬೇಕು. ಮೂರು ಪಾಲು ಒಣದ್ದಕ್ಕೆ ಒಂದು ಪಾಲು ಹಸಿಯದನ್ನು ಪದರ ಪದರವಾಗಿ ಪೇರಿಸಿದರೆ ರಾಶಿಯ ಒಡಲು ಕೆಲವೇ ದಿನಗಳಲ್ಲಿ ಕೈಯಿಡಲಾಗದಷ್ಟು ಬಿಸಿಯೇರುತ್ತದೆ. ಬರಿಯ ಅಡುಗೆಮನೆಯ ಕಸವನ್ನೇ ತುಂಬಿದರೆ ಗಾಳಿಯಾಡದೆ ನಾರುತ್ತದೆ. ನಾತ ಬಂದಿತೆಂದರೆ ಒಣ ಎಲೆ ಸಾಲದಾಗಿದೆಯೆಂದೇ ಅರ್ಥ.

ಮಳೆಗಾಲದಲ್ಲಿ ರಾಶಿಗೆ ತೆಂಗಿನ ಗರಿಯದೋ ತಗಡಿನದೋ ಮಾಡು ಅವಶ್ಯ, ಏಕೆಂದರೆ ತೆರೆದಿಟ್ಟ ಗೊಬ್ಬರದ ಸಾರವು ಕಂದು ನೀರಾಗಿ ಹರಿದುಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ತಿರುವಿಹಾಕಿದರೆ ಮೂರು ನಾಲ್ಕು ತಿಂಗಳಿನಲ್ಲಿ ಕಪ್ಪಗೆ, ಪುಡಿಯಾಗಿ, ಕಾಡಿನ ನೆಲದ ವಾಸನೆಯುಳ್ಳ ಗೊಬ್ಬರ ಕೈಸೇರುತ್ತದೆ. ಮೃಗಶಿರದಲ್ಲಿ ಒಟ್ಟಿದುದು ಹಸ್ತದ ಬಿತ್ತನೆಗೆ ಒದಗುತ್ತದೆ. ತೆಂಗಿನ ಮರವಿರುವ ಮನೆಯವರು ತಿರುವುವಾಗ ಬೆಳ್ಳಗಿನ ದಪ್ಪ ಹುಳುಗಳು ಕಂಡರೆ ಆರಿಸಿ ತೆಗೆಯಬೇಕು. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯು ಇಂತಹ ರಾಶಿಗಳಲ್ಲಿಯೇ ಮರಿಮಾಡುತ್ತದೆ.

ಬಿತ್ತನೆಯ ವಿವೇಕ

ಮಳೆಗಾಲದ ತರಕಾರಿಗಳಲ್ಲಿ ಬೆಂಡೆಯಷ್ಟು ಬೇಗ ಫಲಕೊಟ್ಟು ಉತ್ಸಾಹ ತುಂಬುವುದು ವಿರಳ. ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಅರ್ಧ ಅಂಗುಲ ಆಳಕ್ಕೆ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಊರಿದರೆ ಸುಮಾರು ಐವತ್ತನೆಯ ದಿನಕ್ಕೆ ಕಾಯಿ ಕೊಯ್ಯಬಹುದು. ಎಲೆಯ ನರಗಳೆಲ್ಲ ಹಳದಿಯಾಗುವ ನಂಜುರೋಗವು ಬೆಂಡೆಯ ಪರಮಶತ್ರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆಮಾಡಿದ ಅರ್ಕಾ ಅನಾಮಿಕ ತಳಿಯು ಅದನ್ನು ತಡೆದುಕೊಳ್ಳುವಂತೆ ರೂಪುಗೊಂಡದ್ದು.

ಹೀರೆ, ಹಾಗಲ, ಪಡವಲಗಳಿಗೆ ಚಪ್ಪರವು ಅಲಂಕಾರವಲ್ಲ, ಅವಶ್ಯಕತೆ. ನೆಲಕ್ಕೆ ತಾಗಿದ ಎಲೆ ಮತ್ತು ಕಾಯಿಗೆ ಕೆಸರು ಸಿಡಿದು ಶಿಲೀಂಧ್ರ ಹತ್ತುತ್ತದೆ. ಚಪ್ಪರದಡಿ ಗಾಳಿಯಾಡುವುದರಿಂದ ಎಲೆ ಬೇಗ ಒಣಗುತ್ತದೆ. ಕರಾವಳಿಯ ಮನೆಗಳ ಬಾವಿಕಟ್ಟೆಯ ಪಕ್ಕದಲ್ಲಿ ಬಸಳೆಯ ಚಪ್ಪರವೂ ತೊಂಡೆಯ ಚಪ್ಪರವೂ ಇರುತ್ತಿದ್ದುದು ಬಚ್ಚಲಿನ ನೀರಿನ ಸದ್ವಿನಿಯೋಗಕ್ಕೆ. ಗೇಣುದ್ದದ ಬಸಳೆಯ ದಂಟನ್ನು ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಊರಿದರೆ ಅದು ತಪ್ಪದೆ ಚಿಗುರುತ್ತದೆ.

ಕಾಲವನ್ನು ಗಿಡವೇ ಓದಿಕೊಳ್ಳುತ್ತದೆಂಬುದಕ್ಕೆ ಅವರೆಗಿಂತ ಉತ್ತಮವಾದ ನಿದರ್ಶನ ನಮ್ಮ ಸೀಮೆಯಲ್ಲಿಲ್ಲ. ನಾಟಿ ಅವರೆಯನ್ನು ಜೂನಿನಲ್ಲಿ ಬಿತ್ತಿರಿ, ಆಗಸ್ಟಿನಲ್ಲಿ ಬಿತ್ತಿರಿ, ಅದು ಬಳ್ಳಿಯಾಗಿ ಹಬ್ಬುತ್ತ ಕಾದಿದ್ದು, ಹಗಲು ಕುಗ್ಗಿದ ಮೇಲೆಯೇ ಹೂವಿಗೆ ತೊಡಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮನುಷ್ಯನು ಲೆಕ್ಕಿಸದ ಆ ಅಲ್ಪ ವ್ಯತ್ಯಾಸವನ್ನು ಅವರೆಯ ಎಲೆ ಅಳೆದು ತಿಳಿಯುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಹಂಗಿಲ್ಲದೆ ವರ್ಷದ ಯಾವ ಕಾಲದಲ್ಲಿಯೂ ಹೂಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಳಕಿಗೆ ತಂದಿದೆ, ಅವು ಉಪಯುಕ್ತವಾದುವೇ. ಆದರೆ ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿ ಕೊಯ್ದ ನಾಟಿ ಅವರೆಯ ಕಾಯಿ ಕೈಗೆ ಹತ್ತಿಸುವ ಸೊಗಡು, ಆ ಋತುವಿಗಾಗಿ ಕಾದವರಿಗೆ ಮಾತ್ರ ದಕ್ಕತಕ್ಕ ಸಂಪತ್ತು. ಹಿತ್ತಲಿನ ಬೇಲಿಯ ಮೇಲೆ ನಾಲ್ಕು ಬಳ್ಳಿ ಹಬ್ಬಿಸುವುದಕ್ಕೆ ಪುನರ್ವಸು ಮಳೆ ಪ್ರಶಸ್ತ.

ಚೌಕಟ್ಟು 2: ರಾತ್ರಿಯ ಕಳ್ಳ

ಮಳೆಗಾಲದ ಇರುಳಿನಲ್ಲಿ ಸಸಿಗಳನ್ನು ನುಣ್ಣಗೆ ಮೇಯುವ ಆಫ್ರಿಕಾದ ದೈತ್ಯ ಬಸವನಹುಳುವು ಈ ದೇಶದ್ದಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞನು ಅದನ್ನು ಕಲ್ಕತ್ತೆಗೆ ತಂದು ಬಿಟ್ಟನು. ಅಲ್ಲಿಂದ ದೇಶದ ಅನೇಕ ಭಾಗಗಳಿಗೆ ಹರಡಿತು.

ಸಂಜೆ ಒದ್ದೆ ಗೋಣಿಚೀಲವನ್ನು ಹಾಸಿ, ಅದರಡಿ ಪಪ್ಪಾಯಿಯ ಅಥವಾ ಕೋಸಿನ ಎಲೆಗಳನ್ನಿಟ್ಟರೆ ಮುಂಜಾನೆ ಹುಳುಗಳು ಅಲ್ಲಿಯೇ ಗುಂಪುಗೂಡಿರುತ್ತವೆ. ರೋಗಕಾರಕ ಜಂತುಗಳನ್ನು ಹೊತ್ತಿರಬಹುದಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಆರಿಸಿದವನ್ನು ಗಾಢವಾದ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಉಪ್ಪನ್ನು ನೆಲಕ್ಕೇ ಎರಚಿದರೆ ಮಣ್ಣು ಕೆಡುತ್ತದೆ.

ಸಸ್ಯಹೇನು, ಹಿಟ್ಟುತಿಗಣೆಗಳಿಗೆ ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಬಹುದು. ಮಳೆ ಬಿಡುವು ಕೊಟ್ಟ ದಿನವನ್ನು ಆರಿಸಿಕೊಳ್ಳಬೇಕು.

ಸಸಿ ನೆಡುವವರಿಗೆ

ಜುಲೈ ತಿಂಗಳ ಮೊದಲ ವಾರ ವನಮಹೋತ್ಸವ. ಕೇಂದ್ರ ಸರ್ಕಾರದ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು 1950ರಲ್ಲಿ ಅದನ್ನು ಆರಂಭಿಸಿದಾಗ ಆಷಾಢದ ಮಳೆಯನ್ನು ಸಸಿಯ ದಾದಿಯನ್ನಾಗಿ ಬಳಸಿಕೊಳ್ಳುವ ದೂರದೃಷ್ಟಿಯಿತ್ತು. ಗಾಳಿಯಲ್ಲಿ ತೇವ ತುಂಬಿರುವಾಗ ಎಲೆಗಳು ನೀರನ್ನು ಕಳೆದುಕೊಳ್ಳುವುದು ಕಡಿಮೆ. ಬೇರು ಹೊಸ ನೆಲವನ್ನು ಹಿಡಿಯುವ ತನಕ ಸಸಿಗೆ ಅದೇ ರಕ್ಷೆ. ಕಡ್ಡಿಯಿಂದ ಗಿಡಮಾಡುವುದಕ್ಕೂ ಈ ಕಾಲವೇ ಯೋಗ್ಯವೆನ್ನಲು ಕಾರಣ ಇದೇ.

ನೆಡುವ ಮುನ್ನ ಪ್ಲಾಸ್ಟಿಕ್ ಚೀಲವನ್ನು ಪೂರ್ಣವಾಗಿ ಹರಿದು ತೆಗೆದು, ಬೇರುಗಳನ್ನು ಕಣ್ಣಾರೆ ನೋಡಬೇಕು. ಬಹುಕಾಲ ಚೀಲದಲ್ಲಿದ್ದ ಸಸಿಯ ಬೇರು ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸದೆ, ತೀರ ಸುತ್ತಿದ ತುದಿಗಳನ್ನು ಕತ್ತರಿಸದೆ ನೆಟ್ಟರೆ, ಹತ್ತು ವರ್ಷದ ತರುವಾಯ ಗಾಳಿಗೆ ಬುಡಮೇಲಾಗುವ ಮರಗಳಲ್ಲಿ ಅದೂ ಒಂದಾಗಬಹುದು. ಕಸಿಮಾಡಿದ ಮಾವು, ಸಪೋಟಗಳ ಕಸಿಗಂಟು ನೆಲದಿಂದ ಮೇಲೆಯೇ ಉಳಿಯಬೇಕು. ಪಪ್ಪಾಯಿಯ ಬುಡದಲ್ಲಿ ಎರಡು ದಿನ ನೀರು ನಿಂತರೂ ಅದು ಬದುಕುವುದಿಲ್ಲವಾದ್ದರಿಂದ ಏರುಮಡಿಯಲ್ಲಿ ನೆಡಬೇಕು.

ಮನೆಯ ಮುಂದಿನ ದೊಡ್ಡ ಮರದ ಒಣಕೊಂಬೆಗಳನ್ನು ಮಳೆಗೆ ಮೊದಲು ಇಳಿಸುವುದು ವಿಹಿತ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಒಂದೇ ಪಕ್ಕದ ಕೊಂಬೆಗಳನ್ನೆಲ್ಲ ಬೋಳಿಸಿದರೆ ಮರದ ಸಮತೋಲ ತಪ್ಪಿ, ತಪ್ಪಿಸಬೇಕೆಂದಿದ್ದ ಅಪಾಯವೇ ಒದಗುತ್ತದೆ.

ಲಾಲ್‌ಬಾಗ್ ಕಲಿಸುವ ಪಾಠ

1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿನ ಚರಿತ್ರೆಯಲ್ಲಿ 1908ನೆಯ ಇಸವಿಗೆ ವಿಶೇಷವಾದ ಮಹತ್ತ್ವವಿದೆ. ಆ ವರ್ಷ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡೆಯಲ್ಲಿ ಸೇವೆಸಲ್ಲಿಸಿದ್ದ ಜರ್ಮನ್ ಉದ್ಯಾನತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಮೈಸೂರು ಸಂಸ್ಥಾನಕ್ಕೆ ಬಂದರು. 1956ರಲ್ಲಿ ಬೆಂಗಳೂರಿನಲ್ಲಿಯೇ ಅವರ ದೇಹಾಂತವಾಯಿತು.

ಒಂದು ಬೀದಿಯ ಮರಗಳು ಹೂಬಿಟ್ಟು ಮುಗಿಸುವ ವೇಳೆಗೆ ಇನ್ನೊಂದು ಬೀದಿಯವು ಆರಂಭಿಸುವಂತೆ, ವರ್ಷದ ಯಾವ ತಿಂಗಳಲ್ಲಿಯೂ ನಗರವು ಹೂವಿಲ್ಲದೆ ಇರದಂತೆ ಮರಗಳನ್ನು ಯೋಜಿಸಿದ ಕೀರ್ತಿ ಅವರದು. ಬೆಂಗಳೂರಿನ ಜಕರಂಡ, ಗುಲ್‌ಮೊಹರ್, ಟಬೂಬಿಯಾಗಳ ಪರಂಪರೆಯು ಆ ದೃಷ್ಟಿಯ ಮುಂದುವರಿಕೆ. ಅವರ ತರುವಾಯ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡರಂತಹವರು ಆ ಶ್ರದ್ಧೆಯನ್ನು ನಾಡಿನುದ್ದಕ್ಕೂ ವಿಸ್ತರಿಸಿದರು.

ಮೂವತ್ತು ನಲವತ್ತರ ನಿವೇಶನದಲ್ಲಿಯೂ ಈ ತತ್ತ್ವವನ್ನು ಆಚರಿಸಬಹುದು. ಬೇಸಗೆಗೆ ಮಲ್ಲಿಗೆ, ಮಳೆಗೆ ಗೌರಿಹೂವು ಮತ್ತು ಡೇರೆ, ಶ್ರಾವಣದಿಂದ ಕಾರ್ತಿಕದವರೆಗೆ ಪಾರಿಜಾತ, ಚಳಿಗೆ ಸೇವಂತಿಗೆ, ವರ್ಷವೆಲ್ಲ ದಾಸವಾಳ ಮತ್ತು ನಂದಿಬಟ್ಟಲು: ಇವಿಷ್ಟಿದ್ದರೆ ದೇವರ ಮನೆಗೂ ಜೇನ್ನೊಣಕ್ಕೂ ಯಾವ ತಿಂಗಳೂ ಬಡತನವಿಲ್ಲ. ಒಂದೇ ದಿನ ನರ್ಸರಿಯಲ್ಲಿ ಹೂಬಿಟ್ಟು ನಿಂತ ಗಿಡಗಳನ್ನಷ್ಟೇ ಕೊಂಡುತಂದವರ ಅಂಗಳವು ಒಂದು ತಿಂಗಳು ಹೂವಾಗಿ ಹನ್ನೊಂದು ತಿಂಗಳು ಬರಿದಾಗಿರುವುದನ್ನು ನಾವು ಅನೇಕ ಕಡೆ ಕಾಣುತ್ತೇವೆ.

ಕಳೆಯೆಂದು ಕಡೆಗಣಿಸದಿರಿ

ಮಳೆ ಬಿದ್ದ ವಾರದಲ್ಲಿಯೇ ತಾವಾಗಿ ಎದ್ದುನಿಲ್ಲುವ ಸಸ್ಯಗಳೆಲ್ಲ ಶತ್ರುಗಳಲ್ಲ. ಒಂದೆಲಗ, ಚಗತೆ, ಹೊನಗನ್ನೆ, ಗಣಿಕೆ, ನೆಲನೆಲ್ಲಿ ಮುಂತಾದುವನ್ನು ಗುರುತಿಸಬಲ್ಲ ಅಜ್ಜಿಯರು ಇರುವವರೆಗೆ ಆಷಾಢದ ಅಡುಗೆಮನೆಗೆ ಸೊಪ್ಪಿನ ಕೊರತೆಯಿರಲಿಲ್ಲ. ಮಲೆನಾಡಿನವರು ಭೂಮಿ ಹುಣ್ಣಿಮೆಯಂದು, ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವಾಗ, ಹಲವು ಬಗೆಯ ಬೆರಕೆಸೊಪ್ಪನ್ನು ಬೇಯಿಸಿ ನೆಲಕ್ಕೆ ಅರ್ಪಿಸುತ್ತಾರೆ. ಭೂಮಿಯನ್ನು ಉಣಿಸಿದಲ್ಲದೆ ಭೂಮಿಯಿಂದ ಉಣ್ಣಲಾಗದೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಆಚರಣೆ ಇನ್ನಾವುದಿದೆ?

ಪಾರ್ಥೇನಿಯಂನಂತಹ ಕಳೆಯನ್ನು ಹೂಬಿಡುವ ಮೊದಲೇ, ಕೈಗವಸು ಧರಿಸಿ, ಬೇರುಸಹಿತ ಕಿತ್ತೊಗೆಯಲೇಬೇಕು. ಉಳಿದ ಕಳೆಯನ್ನು ಬೀಜಕಟ್ಟುವ ಮುನ್ನ ಕೊಯ್ದು ಪಕ್ಕದ ಗಿಡದ ಬುಡಕ್ಕೆ ಹೊದೆಸಿದರೆ ಅದು ನೆಲದಿಂದ ಪಡೆದುದನ್ನು ನೆಲಕ್ಕೇ ಹಿಂದಿರುಗಿಸುತ್ತದೆ. ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಅಂತರವಿರಲಿ; ಇಲ್ಲದಿದ್ದರೆ ತೇವದಿಂದ ತೊಗಟೆ ಕೊಳೆಯುತ್ತದೆ.

ಈ ವರ್ಷಕ್ಕೆ ಒಂದು ವ್ರತ

ಇಷ್ಟೆಲ್ಲವನ್ನೂ ಒಂದೇ ಮಳೆಗಾಲದಲ್ಲಿ ಸಾಧಿಸುವ ಹಂಬಲ ಯಾರಿಗೂ ಬೇಡ. ಬಿಡುವಿಲ್ಲದ ಉದ್ಯೋಗ, ಇಕ್ಕಟ್ಟಾದ ನಿವೇಶನ, ಅನುಭವಿಗಳಾದ ಹಿರಿಯರ ಅಭಾವ, ಇವೆಲ್ಲವೂ ಇಂದಿನ ಗೃಹಸ್ಥನ ನಿಜವಾದ ತೊಡಕುಗಳೇ. ಆದರೆ ಯಾವ ಖರ್ಚೂ ಇಲ್ಲದ, ಯಾವ ಪಾಂಡಿತ್ಯವನ್ನೂ ಬೇಡದ ಒಂದು ಕೆಲಸ ಎಲ್ಲರಿಗೂ ಸಾಧ್ಯ: ತನ್ನ ಆವರಣದಲ್ಲಿ ಉದುರಿದ ಎಲೆಯನ್ನು ಸುಡದಿರುವುದು, ಕಸದ ಗಾಡಿಗೆ ಹಾಕದಿರುವುದು, ಅದು ಯಾವ ಮರದಿಂದ ಬಿದ್ದಿತೋ ಆ ಮರದ ಬುಡಕ್ಕೇ ಸೇರಿಸುವುದು.

ಒಂದು ವರ್ಷ ಹೀಗೆ ನಡೆದುಕೊಂಡವರು, ಮುಂದಿನ ರೋಹಿಣಿಯ ಹೊತ್ತಿಗೆ ಆ ಹೊದಿಕೆಯನ್ನು ಸರಿಸಿ ನೆಲವನ್ನು ಬೆರಳಿನಿಂದ ಕೆದಕಿ ನೋಡಲಿ. ಎರೆಹುಳುವಿನ ಹಿಕ್ಕೆಯೂ ಬಿಳಿಯ ಎಳೆಬೇರುಗಳೂ ಅಲ್ಲಿ ಕಂಡರೆ, ಆಗ ನರ್ಸರಿಗೆ ಹೋಗಿ ಇಷ್ಟವಾದ ಸಸಿಯನ್ನು ಆರಿಸಿ ತರಲಿ. ಅದಕ್ಕೆ ಬೇಕಾದ ಮನೆಯನ್ನು ಅವರು ಕಟ್ಟಿ ಮುಗಿಸಿದ್ದಾರೆ. ಕಾಣದಿದ್ದರೆ ಇನ್ನೊಂದು ಬುಟ್ಟಿ ತರಗೆಲೆಯನ್ನು ಸೇರಿಸಿ, ಇನ್ನೊಂದು ಮಳೆಗಾಲ ಕಾಯಲಿ.